ನಂಜಮ್ಮ: ಮೈಸೂರು ಸೀಮೆಯ ಒಂದು ಹೆಸರು ಏಕೆ ವಿರಳವಾಗುತ್ತಿದೆ?

ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆಯ ಕಡೆಯಾಗಲಿ, ಮಂಡ್ಯ ಜಿಲ್ಲೆಯ ಮಳವಳ್ಳಿಯ ಕಡೆಯಾಗಲಿ, ಒಂದು ಹಳ್ಳಿಯ ಮತದಾರರ ಪಟ್ಟಿಯನ್ನು ತೆರೆದು ಅರವತ್ತೈದು ದಾಟಿದ ಹೆಂಗಸರ ಹೆಸರುಗಳನ್ನು ಮಾತ್ರ ಓದುತ್ತಾ ಹೋದರೆ ನಂಜಮ್ಮ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ದೊಡ್ಡನಂಜಮ್ಮ, ಚಿಕ್ಕನಂಜಮ್ಮ, ಕೆಂಪನಂಜಮ್ಮ, ನಂಜಮಣಿ, ಬರಿಯ ನಂಜಿ ಎಂದು ಅದರ ರೂಪಗಳೂ ಹಲವು. ಅದೇ ಊರಿನ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಈ ಹೆಸರಿನ ಒಂದು ಮಗುವನ್ನು ಹುಡುಕುವುದು ಕಷ್ಟ. ಅಲ್ಲಿರುವುದು ಆದ್ಯ, ಅನನ್ಯ, ಸಾನ್ವಿ, ಸಿಂಚನ, ಲಾಸ್ಯ. ಮೂರು ತಲೆಮಾರುಗಳ ಅಂತರದಲ್ಲಿ ಒಂದು ಪ್ರದೇಶದ ಅತಿ ಪರಿಚಿತ ಹೆಣ್ಣು ಹೆಸರು ತೊಟ್ಟಿಲಿನಿಂದ ಮರೆಯಾಗಿರುವುದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ನಂಜು ಎಂದರೆ ವಿಷ, ಮಗಳಿಗೆ ವಿಷ ಎಂದು ಯಾರು ತಾನೇ ಹೆಸರಿಡುತ್ತಾರೆ? ಈ ಕಾರಣ ಕೇಳಲು ಸರಿಯಾಗಿಯೇ ಇದೆ, ಆದರೆ ಹೆಸರಿನ ಇತಿಹಾಸ ಅದನ್ನು ಒಪ್ಪುವುದಿಲ್ಲ. ನಂಜು ಎಂದರೆ ಏನೆಂಬುದು ಈ ಹೆಸರನ್ನು ಇಟ್ಟ ಅಜ್ಜ ಅಜ್ಜಿಯರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಂಜು ದ್ರಾವಿಡ ಮೂಲದ ಪದ. ತಮಿಳು ಮತ್ತು ಮಲಯಾಳಂಗಳಲ್ಲಿಯೂ ಇದೇ ಅರ್ಥದ ಸಮೀಪದ ರೂಪಗಳಿವೆ. ಹಳೆಯ ಮೈಸೂರಿನ ಮನೆಮಾತಿನಲ್ಲಿ ಈ ಪದದ ವ್ಯಾಪ್ತಿ ಹಾವಿನ ವಿಷಕ್ಕಷ್ಟೇ ಸೀಮಿತವಲ್ಲ. ಗಾಯ ಕೀವುಗಟ್ಟಿ ಊದಿಕೊಂಡರೆ ನಂಜಾಯಿತು ಎನ್ನುತ್ತಾರೆ. ಬಾಣಂತಿಗೆ, ಗಾಯವಾದವರಿಗೆ ಬದನೆಕಾಯಿಯಂತಹ ಪದಾರ್ಥ ಕೊಡಬಾರದು, ಅದು ನಂಜು ಎಂದು ಹಿರಿಯರು ತಡೆಯುತ್ತಾರೆ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಆಡುವ ಮಾತು ನಂಜಿನ ಮಾತಾಗುತ್ತದೆ. ಅಂದರೆ ಮೈಯನ್ನೂ ಮನಸ್ಸನ್ನೂ ಕೆಡಿಸಬಲ್ಲ ಎಲ್ಲದಕ್ಕೂ ಈ ಸೀಮೆಯ ಜನರ ಬಾಯಲ್ಲಿ ಇರುವ ಮಾತು ಇದು. ಇಷ್ಟು ದಿನಬಳಕೆಯ, ಇಷ್ಟು ಸ್ಪಷ್ಟವಾದ ಪದವನ್ನು ಅರ್ಥ ತಿಳಿಯದೆ ಯಾರೂ ಮಗುವಿನ ಹೆಸರಿಗೆ ಸೇರಿಸಿರಲಾರರು.

ಹೆಸರಿನ ಒಳಗೆ ಹೇಳದೆ ಬಿಟ್ಟಿರುವ ಒಂದು ಕ್ರಿಯಾಪದವಿದೆ. ಅದು ‘ಉಂಡ’ ಎಂಬುದು. ಸಮುದ್ರಮಥನದಲ್ಲಿ ಅಮೃತಕ್ಕಿಂತ ಮೊದಲು ಹಾಲಾಹಲ ಹುಟ್ಟಿದಾಗ ಲೋಕವನ್ನು ಉಳಿಸಲು ಶಿವ ಅದನ್ನು ಕುಡಿದು ಕಂಠದಲ್ಲಿ ತಡೆದುಕೊಂಡ ಎಂಬುದು ಪುರಾಣದ ಕಥೆ. ಸಂಸ್ಕೃತ ಆ ಪ್ರಸಂಗವನ್ನು ಕೊರಳಿನ ಬಣ್ಣದಿಂದ ಗುರುತಿಸಿ ನೀಲಕಂಠ ಎಂದಿತು. ಕನ್ನಡ ಅದನ್ನು ಉಣ್ಣುವ ಕ್ರಿಯೆಯಿಂದ ಗುರುತಿಸಿ ನಂಜುಂಡ ಎಂದಿತು. ನಂಜುಂಡ ಎಂಬುದು ಬಳಕೆಯಲ್ಲಿ ನಂಜ ಎಂದು ಮೊಟಕಾಗಿ, ಗಂಡಸರಿಗೆ ನಂಜಪ್ಪ, ನಂಜಯ್ಯ, ನಂಜೇಗೌಡ ಎಂದೂ ಹೆಂಗಸರಿಗೆ ನಂಜಮ್ಮ, ನಂಜವ್ವ ಎಂದೂ ಆಯಿತು. ಹೀಗಾಗಿ ನಂಜಮ್ಮ ಎಂದರೆ ವಿಷದ ಹೆಂಗಸಲ್ಲ, ವಿಷವನ್ನು ಉಂಡು ಅರಗಿಸಿಕೊಂಡ ದೇವರಿಗೆ ಸೇರಿದವಳು. ಹೆಸರು ಮೊಟಕಾಗುವಾಗ ಕ್ರಿಯಾಪದ ಬಿದ್ದುಹೋಗಿ ವಿಷ ಮಾತ್ರ ಕಿವಿಗೆ ಉಳಿಯಿತು. ದೇವರ ಕಥೆ ಮನೆಮನೆಯಲ್ಲಿ ಬಾಯಿಪಾಠವಾಗಿದ್ದ ಕಾಲದಲ್ಲಿ ಆ ಬಿಟ್ಟುಹೋದ ಭಾಗವನ್ನು ಕೇಳುವವರೇ ತುಂಬಿಕೊಳ್ಳುತ್ತಿದ್ದರು.

ಆ ದೇವರ ನೆಲೆ ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 23 ಕಿಲೋಮೀಟರ್ ದೂರದಲ್ಲಿ, ಕಪಿಲಾ ನದಿಯ ಬಲದಂಡೆಯ ಮೇಲಿರುವ ನಂಜನಗೂಡು. ಊರಿನ ಹೆಸರಿನಲ್ಲಿಯೇ ನಂಜಿದೆ. ಸಂಸ್ಕೃತ ಬಲ್ಲವರು ಅದನ್ನೇ ಗರಳಪುರಿ ಎಂದು ಕರೆದರು. ದೇವಾಲಯದ ದಾಖಲೆಗಳಲ್ಲಿ ದೇವರು ಶ್ರೀಕಂಠೇಶ್ವರ, ಜನರ ಬಾಯಲ್ಲಿ ನಂಜುಂಡ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುವ ಪಂಚ ಮಹಾರಥೋತ್ಸವಕ್ಕೆ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳು ಇಂದಿಗೂ ಹರಿದು ಬರುತ್ತವೆ. ಈ ನಂಜುಂಡನನ್ನು ಜನ ಮುಖ್ಯವಾಗಿ ನಂಬಿದ್ದು ವೈದ್ಯನೆಂದು. ಚರ್ಮದ ಕಾಯಿಲೆಗೆ ಹರಕೆ ಹೊತ್ತು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವುದು, ಮಗುವಿನ ಮೊದಲ ಮುಡಿ ಕೊಡುವುದು ಇಲ್ಲಿಯ ಹಳೆಯ ರೂಢಿ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದೂ, ಅವನು ಕೃತಜ್ಞತೆಯಿಂದ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಮ್ ನಂಜುಂಡ ಎಂದು ಕರೆದನೆಂದೂ ಪ್ರತೀತಿ ಇದೆ.

ವೈದ್ಯನ ಈ ಕೀರ್ತಿಯನ್ನು ಬದಿಗಿಟ್ಟರೆ ನಂಜಮ್ಮ ಎಂಬ ಹೆಸರು ಇಷ್ಟು ಹರಡಿದ್ದು ಏಕೆಂಬುದು ತಿಳಿಯುವುದಿಲ್ಲ. ಹುಟ್ಟಿದ ಮಕ್ಕಳಲ್ಲಿ ಹಲವು ಐದು ವರ್ಷ ಮುಟ್ಟುವ ಮುನ್ನವೇ ಸಾಯುತ್ತಿದ್ದ ಕಾಲದಲ್ಲಿ, ಬಾಣಂತಿಯ ನಂಜಿಗೂ ಹೊಕ್ಕುಳಬಳ್ಳಿಯ ನಂಜಿಗೂ ಮದ್ದಿಲ್ಲದ ಕಾಲದಲ್ಲಿ, ನಂಜನ್ನು ನುಂಗಿ ಉಳಿದ ದೇವರ ಹೆಸರನ್ನು ಮಗುವಿಗೆ ಇಡುವುದು ಒಂದು ಬೇಡಿಕೆಯಾಗಿತ್ತು. ಮಗು ಬದುಕಿದರೆ ನಿನ್ನ ಹೆಸರೇ ಇಡುತ್ತೇವೆ ಎಂದು ಹರಕೆ ಹೊರುತ್ತಿದ್ದರು, ಬದುಕಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳುತ್ತಿದ್ದರು. ಹಾಗಾಗಿ ಒಬ್ಬ ಮುದುಕಿಯ ಹೆಸರು ನಂಜಮ್ಮ ಎಂದಿದ್ದರೆ, ಆಕೆ ಹುಟ್ಟಿದಾಗ ಅವಳು ಉಳಿಯಬೇಕೆಂದು ಯಾರೋ ಬಹಳ ಆಸೆಪಟ್ಟಿದ್ದರು ಎಂದು ಊಹಿಸುವುದು ತಪ್ಪಾಗಲಾರದು. ಅಶುಭದ ಹೆಸರು ಎಂದು ಇಂದು ಹಿಂಜರಿಯುವವರು ಈ ಒಂದು ಸಂಗತಿಯನ್ನು ಗಮನಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕ್ಷೇತ್ರದ ದೇವರ ಹೆಸರಿಗೆ ಅಮ್ಮ ಸೇರಿಸಿ ಹೆಣ್ಣುಮಗುವಿಗೆ ಇಡುವ ಪದ್ಧತಿ ನಂಜನಗೂಡಿಗೆ ಮಾತ್ರ ಸೀಮಿತವಲ್ಲ. ಮಲೆ ಮಹದೇಶ್ವರನ ಒಕ್ಕಲಿನವರಲ್ಲಿ ಮಾದಮ್ಮ ಮತ್ತು ಮಹದೇವಮ್ಮ, ಮೇಲುಕೋಟೆಯ ಚೆಲುವನಾರಾಯಣನ ಕಡೆ ಚೆಲುವಮ್ಮ, ಶ್ರೀರಂಗಪಟ್ಟಣ ಮತ್ತು ಬಿಳಿಗಿರಿಯ ರಂಗನ ಕಡೆ ರಂಗಮ್ಮ, ಸಿದ್ದಪ್ಪಾಜಿಯನ್ನು ನಂಬಿದವರಲ್ಲಿ ಸಿದ್ದಮ್ಮ, ರಾಚಪ್ಪಾಜಿಯವರಲ್ಲಿ ರಾಚಮ್ಮ, ಬೆಟ್ಟದ ಚಾಮುಂಡಿಯಿಂದ ಚಾಮಮ್ಮ. ಹೆಂಗಸಿನ ಹೆಸರು ಕೇಳಿದರೆ ಆ ಮನೆಯವರು ಯಾವ ಜಾತ್ರೆಗೆ ಹೋಗುತ್ತಾರೆ, ಯಾವ ಬೆಟ್ಟಕ್ಕೆ ನಡೆದು ಹತ್ತುತ್ತಾರೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದಿತ್ತು. ಮದುವೆಯಾಗಿ ಬೇರೆ ಊರಿಗೆ ಹೋದವಳ ತವರಿನ ದೇವರನ್ನು ಅವಳ ಹೆಸರು ಗಂಡನ ಮನೆಯಲ್ಲಿಯೂ ಹೇಳುತ್ತಿತ್ತು. ತವರಿನ ಬೇರೆಲ್ಲ ಗುರುತುಗಳನ್ನು ಬಿಟ್ಟು ಬರಬೇಕಾಗಿದ್ದ ಹೆಂಗಸಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ನಂಜಮ್ಮ ಮಾತ್ರ ಈ ಹೆಸರುಗಳ ಪೈಕಿ ಹೆಚ್ಚು ದೂರ ಹೋಯಿತು. ಕೊಡಗಿನಲ್ಲಿ ನಂಜಪ್ಪ, ನಂಜಮ್ಮ ಎರಡೂ ಇವೆ. ಗುಂಡ್ಲುಪೇಟೆಯಿಂದ ಮುಂದೆ ನೀಲಗಿರಿ ದಾಟಿ ಕೊಯಮತ್ತೂರಿನ ಕಡೆ ಹೋದರೆ ನಂಜಪ್ಪನ್, ನಂಜಮ್ಮಾಳ್ ಎಂಬ ರೂಪಗಳು ಕೇಳಿಬರುತ್ತವೆ. 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಎಂದು ಗೌರವ ಪಡೆದವರು ಕೇರಳದ ಅಟ್ಟಪ್ಪಾಡಿಯ ಇರುಳ ಸಮುದಾಯದ ಹಿರಿಯ ಹಾಡುಗಾರ್ತಿ ನಂಜಿಯಮ್ಮ. ಆ ಹೆಸರನ್ನು ಟಿವಿಯಲ್ಲಿ ಕೇಳಿದಾಗ ಮೈಸೂರಿನವರಿಗೆ ಅದು ಹೊರನಾಡಿನ ಹೆಸರೆನಿಸಲಿಲ್ಲ. ಘಟ್ಟದ ಎರಡೂ ಬದಿಯ ಜನ ಒಂದೇ ಪದದಿಂದ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದ ಕಾಲ ರಾಜ್ಯಗಳ ಗಡಿಗಿಂತ ಹಳೆಯದು.

ಈ ಹೆಸರು ಕೇವಲ ಬಡವರ, ಹಳ್ಳಿಗರ ಹೆಸರಾಗಿತ್ತು ಎಂಬ ಕಲ್ಪನೆಯೂ ಸರಿಯಲ್ಲ. ನಂಜನಗೂಡಿನ ಸಮೀಪದ ಕಳಲೆಯ ಅರಸು ಮನೆತನದಲ್ಲಿ ನಂಜರಾಜ ಎಂಬ ಹೆಸರು ಪ್ರಸಿದ್ಧ. 18ನೇ ಶತಮಾನದಲ್ಲಿ ಮೈಸೂರಿನ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದ ಸರ್ವಾಧಿಕಾರಿ ನಂಜರಾಜಯ್ಯ ಆ ಮನೆತನದವನು. ಹೆಣ್ಣು ಹೆಸರಿನ ವಿಷಯದಲ್ಲಿ ಅದಕ್ಕಿಂತ ದೊಡ್ಡ ಉದಾಹರಣೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ಪತಿ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ತೀರಿಕೊಂಡ ಮೇಲೆ, ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಾಯಕ್ಕೆ ಬರುವವರೆಗೆ, 1895ರಿಂದ 1902ರವರೆಗೆ ಅವರು ರಾಜಪ್ರತಿನಿಧಿಯಾಗಿ ಸಂಸ್ಥಾನವನ್ನು ನಡೆಸಿದರು. 1898ರ ಪ್ಲೇಗನ್ನು ಎದುರಿಸಬೇಕಾಗಿ ಬಂದದ್ದು ಅವರ ಆಡಳಿತಕ್ಕೆ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ಯೋಜನೆ ರೂಪುಗೊಂಡದ್ದು ಅವರ ಕಾಲದಲ್ಲಿ. ಕೆಂಪ, ನಂಜ, ಅಮ್ಮಣ್ಣಿ ಎಂಬ ಮೂರೂ ಈ ಸೀಮೆಯ ಮನೆಮಾತಿನ ತುಂಡುಗಳೇ. ಅಮ್ಮಣ್ಣಿ ಎಂಬುದು ಅರಸು ಮನೆತನದ ಹೆಂಗಸರಿಗೆ ಸೇರುತ್ತಿದ್ದ ಗೌರವದ ಕೊನೆ.

ಆದರೆ ಅವರ ನೆನಪಿಗೆ ಉಳಿದ ಸಂಸ್ಥೆಗಳಲ್ಲಿ ಆ ಹೆಸರು ಕಾಣಸಿಗುವುದಿಲ್ಲ. ಅವರ ಬಿರುದು ವಾಣಿ ವಿಲಾಸ ಸನ್ನಿಧಾನ. ಮಾರಿಕಣಿವೆಯ ಅಣೆಕಟ್ಟು ವಾಣಿ ವಿಲಾಸ ಸಾಗರವಾಯಿತು, ಬೆಂಗಳೂರಿನ ಹೆರಿಗೆ ಆಸ್ಪತ್ರೆ ವಾಣಿ ವಿಲಾಸವಾಯಿತು, ಮೈಸೂರಿನ ಅಗ್ರಹಾರದ ಮಾರುಕಟ್ಟೆಯೂ ನಗರದ ನೀರು ಸರಬರಾಜು ವಿಭಾಗವೂ ವಾಣಿ ವಿಲಾಸದ ಹೆಸರಿನಲ್ಲಿಯೇ ಇವೆ. ತಿಂಗಳು ತಿಂಗಳು ವಾಣಿ ವಿಲಾಸಕ್ಕೆ ನೀರಿನ ಕಂದಾಯ ಕಟ್ಟುವ ಮೈಸೂರಿಗರಲ್ಲಿ ಎಷ್ಟೋ ಮಂದಿಗೆ ಅದರ ಹಿಂದೆ ಒಬ್ಬ ನಂಜಮ್ಮಣ್ಣಿ ಇದ್ದಾರೆಂಬುದು ತಿಳಿದಿಲ್ಲ. ಅದೇ ಅರಮನೆಯಲ್ಲಿ 1953ರಲ್ಲಿ ಹುಟ್ಟಿದ ಯುವರಾಜನಿಗೆ ಶ್ರೀಕಂಠದತ್ತ ಎಂದು ಹೆಸರಿಡಲಾಯಿತು. ಶ್ರೀಕಂಠನು ಕೊಟ್ಟವನು ಎಂದರೆ ನಂಜುಂಡನು ಕೊಟ್ಟವನು ಎಂದೇ ಅರ್ಥ. ದೇವರು ಬದಲಾಗಲಿಲ್ಲ, ಭಕ್ತಿಯೂ ಕಡಿಮೆಯಾಗಲಿಲ್ಲ. ದೇವರನ್ನು ಕನ್ನಡದಲ್ಲಿ ಹೆಸರಿಸುವ ಬದಲು ಸಂಸ್ಕೃತದಲ್ಲಿ ಹೆಸರಿಸುವುದು ಹೆಚ್ಚು ಘನವೆಂಬ ಭಾವನೆ ಗಟ್ಟಿಯಾಯಿತು. ಹಳ್ಳಿಯ ಮನೆಗಳಲ್ಲಿ ಮುಂದೆ ನಡೆದದ್ದರ ಮುನ್ಸೂಚನೆ ಇಲ್ಲಿದೆ.

ಗಂಡು ಹೆಸರುಗಳ ಗತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1915ರಲ್ಲಿ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದವರು ಎಚ್.ವಿ. ನಂಜುಂಡಯ್ಯ. ರಾಜ್ಯದ ರೈತ ಚಳವಳಿಗೆ ದನಿ ಕೊಟ್ಟವರು ಎಂ.ಡಿ. ನಂಜುಂಡಸ್ವಾಮಿ. ಮಂಡ್ಯದ ಕಡೆ ವಿಷಕಂಠೇಗೌಡ, ವಿಷಕಂಠಯ್ಯ ಎಂಬ ಹೆಸರಿನವರು ಸಂಕೋಚವಿಲ್ಲದೆ ಬದುಕಿದ್ದಾರೆ. ಅಲ್ಲಿ ವಿಷ ಎಂಬ ಪದವೇ ನೇರವಾಗಿ ಮೊದಲಿಗೆ ಕುಳಿತಿದೆ. ಅರ್ಥವೇ ತೊಡಕಾಗಿದ್ದರೆ ಇವು ಮೊದಲು ಬಿದ್ದುಹೋಗಬೇಕಿತ್ತು. ಗಂಡು ರೂಪದಲ್ಲಿ ಉಂಡ ಎಂಬ ಕ್ರಿಯೆಯೂ ಸ್ವಾಮಿ, ಅಯ್ಯ ಎಂಬ ಗೌರವದ ಕೊನೆಗಳೂ ಉಳಿದುಕೊಂಡವು, ಅದನ್ನು ಹೊತ್ತವರು ಸಾರ್ವಜನಿಕ ಬದುಕಿನಲ್ಲಿ ಕಾಣಿಸಿಕೊಂಡರು. ಹೆಣ್ಣು ರೂಪ ಅಡುಗೆಮನೆ, ಹೊಲ, ಕೊಟ್ಟಿಗೆಗಳ ಒಳಗೇ ಉಳಿಯಿತು. ಒಂದು ಹೆಸರಿನ ಘನತೆ ಅದನ್ನು ಹೊತ್ತವರಿಗೆ ಸಮಾಜ ಕೊಟ್ಟ ಜಾಗದ ಮೇಲೆ ನಿಲ್ಲುತ್ತದೆ ಎಂಬುದಕ್ಕೆ ನಂಜುಂಡಯ್ಯ ಮತ್ತು ನಂಜಮ್ಮ ಎಂಬ ಒಂದೇ ಬೇರಿನ ಎರಡು ಹೆಸರುಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಸಾಹಿತ್ಯದಲ್ಲಿ ಈ ಹೆಸರಿಗೆ ಒಳ್ಳೆಯ ಜಾಗವೇ ಸಿಕ್ಕಿತ್ತು. ಜಿ.ಪಿ. ರಾಜರತ್ನಂ ಅವರ ರತ್ನ ತನ್ನ ಪುಟ್ನಂಜಿಯನ್ನು ಹಾಡಿ ಹೊಗಳಿದ, ಎಸ್.ಎಲ್. ಭೈರಪ್ಪನವರು 1970ರಲ್ಲಿ ಪ್ರಕಟವಾದ ಗೃಹಭಂಗದಲ್ಲಿ ಸಂಸಾರದ ಭಾರವನ್ನೆಲ್ಲ ಒಬ್ಬಳೇ ಹೊತ್ತ ನಾಯಕಿಗೆ ನಂಜಮ್ಮ ಎಂದು ಹೆಸರಿಟ್ಟರು. ನಂತರದ ಸಿನಿಮಾ ಮತ್ತು ಧಾರಾವಾಹಿಗಳು ಮಾತ್ರ ನಂಜಿ, ನಂಜಮ್ಮ ಎಂಬ ಹೆಸರುಗಳನ್ನು ಮನೆಗೆಲಸದವಳಿಗೋ ನಗಿಸುವ ಮುದುಕಿಗೋ ಮೀಸಲಿಟ್ಟವು.

ಇಲ್ಲಿ ಜಾತಿಯ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಂಜುಂಡನ ಒಕ್ಕಲು ಬಹುತೇಕ ಎಲ್ಲ ಜಾತಿಗಳಲ್ಲಿ ಇದೆ. ಬ್ರಾಹ್ಮಣರು, ಲಿಂಗಾಯತರು, ಅರಸರು, ಒಕ್ಕಲಿಗರು, ಕುರುಬರು, ಉಪ್ಪಾರರು, ನಾಯಕರು, ದಲಿತರು ಎಲ್ಲರ ಮನೆಗಳಲ್ಲಿಯೂ ಈ ಹೆಸರು ಇತ್ತು. ದೇವರು ಒಬ್ಬನೇ ಆದರೂ ಹೆಸರಿನ ಕೊನೆ ಒಂದೇ ಆಗಿರಲಿಲ್ಲ. ಅರಮನೆಯ ಹೆಣ್ಣು ನಂಜಮ್ಮಣ್ಣಿ, ಗೌಡರ ಮನೆಯ ಹೆಣ್ಣು ನಂಜಮ್ಮ, ಕೇರಿಯ ಹೆಣ್ಣು ನಂಜಿ. ತನ್ನ ಮನೆಯಲ್ಲಿ ಅಮ್ಮ ಎನ್ನಿಸಿಕೊಂಡವಳನ್ನೂ ಊರಿನ ಮೇಲ್ಜಾತಿಯ ಹುಡುಗರು ಏಕವಚನದಲ್ಲಿ ನಂಜಿ ಎಂದೇ ಕರೆಯುತ್ತಿದ್ದರು; ದಾಖಲೆ ಬರೆಯುವವರು ಪುಸ್ತಕದಲ್ಲಿ ಹಾಗೆಯೇ ಬರೆಯುತ್ತಿದ್ದರು. ಶಾಲೆಗೆ ಹೋದ ಮೊದಲ ತಲೆಮಾರಿನ ದಲಿತ ತಂದೆತಾಯಿಗಳು ಮಗಳಿಗೆ ಅಜ್ಜಿಯ ಹೆಸರನ್ನು ಬಿಟ್ಟು ಗೌತಮಿ, ಸುಜಾತ, ರಮಾ ಎಂದು ಇಟ್ಟದ್ದು ಊರವರ ಬಾಯಿಂದ ಮಗಳನ್ನು ಬಿಡಿಸಿಕೊಳ್ಳುವ ನಿರ್ಧಾರವಾಗಿತ್ತು. ಹಳೆಯ ಹೆಸರುಗಳು ಹೋಗುತ್ತಿವೆಯಲ್ಲ ಎಂದು ಕೊರಗುವಾಗ ಎಲ್ಲರ ಅಜ್ಜಿಯರೂ ಆ ಹೆಸರನ್ನು ಒಂದೇ ಮರ್ಯಾದೆಯಿಂದ ಹೊರಲಿಲ್ಲ ಎಂಬುದನ್ನು ಮರೆತರೆ ಆ ಕೊರಗು ಅರ್ಧ ಸತ್ಯವಾಗುತ್ತದೆ. ನಂಜಮ್ಮ ಎಂಬ ಹೆಸರಿನ ಮೇಲೆ ನನಗೆ ಎಷ್ಟೇ ಅಕ್ಕರೆ ಇದ್ದರೂ ಈ ಮನೆಗಳ ಆಯ್ಕೆಯನ್ನು ತಪ್ಪೆನ್ನಲಾರೆ.

ಉಳಿದ ಮನೆಗಳಲ್ಲಿ ಹೆಸರು ಒಮ್ಮೆಗೇ ಬಿದ್ದುಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಮೊದಲು ಬದಲಾದದ್ದು ಕೊನೆ. ಅಮ್ಮ ಎಂಬುದು ಹಿಂದೆ ವಯಸ್ಸಿನ ಗುರುತಾಗಿರಲಿಲ್ಲ. ಹಳೆಯ ಮೈಸೂರಿನಲ್ಲಿ ಮೂರು ವರ್ಷದ ಹುಡುಗಿಯನ್ನೂ ಬಾರಮ್ಮ, ಕೂತ್ಕೊಳಮ್ಮ ಎಂದೇ ಮಾತನಾಡಿಸುತ್ತಾರೆ. 1950ರ ನಂತರದ ದಶಕಗಳಲ್ಲಿ, ಹೆಣ್ಣುಮಕ್ಕಳು ಶಾಲೆಯ ದಾಖಲೆಗೆ ಬಂದಂತೆ, ಅಮ್ಮ ಸೇರಿದ ಹೆಸರು ಹಳೆಯದು ಎಂಬ ಭಾವನೆ ಬಂತು. ಎಷ್ಟೋ ಕಡೆ ಮೇಷ್ಟರೇ ದಾಖಲಿಸಿಕೊಳ್ಳುವಾಗ ಹೆಸರು ತಿದ್ದಿದರು. ಜಯಮ್ಮ ಜಯಲಕ್ಷ್ಮಿಯಾದಳು, ರತ್ನಮ್ಮ ನಾಗರತ್ನಳಾದಳು, ನಂಜಮ್ಮ ನಂಜಮಣಿಯಾದಳು. ಅಲ್ಲಿಂದ ಮುಂದಿನ ತಲೆಮಾರಿಗೆ ಸಿನಿಮಾ ಹೆಸರು ಕೊಟ್ಟಿತು. ಕಲ್ಪನಾ, ಭಾರತಿ, ಜಯಂತಿ, ಆರತಿ, ಮಂಜುಳ ಎಂಬ ಹೆಸರುಗಳು ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ತುಂಬಿಕೊಂಡದ್ದು ಆಯಾ ನಟಿಯರ ಕಾಲದಲ್ಲಿ. ಹೆಸರಿಗೆ ಆಧಾರ ಮನೆದೇವರಿಂದ ಸಿನಿಮಾ ಟೆಂಟಿಗೆ ಸರಿಯಿತು.

ಮೂರನೆಯ ಮೆಟ್ಟಿಲನ್ನು ಯಾರೂ ಹೆಚ್ಚು ಗಮನಿಸಿದಂತೆ ಕಾಣುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದೇ ನಿರ್ಣಾಯಕ. ಅದು ನಕ್ಷತ್ರದ ಅಕ್ಷರ. ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ ಒಟ್ಟು 108 ಪಾದಗಳಾಗುತ್ತವೆ, ಪ್ರತಿ ಪಾದಕ್ಕೂ ಒಂದೊಂದು ಅಕ್ಷರವನ್ನು ಶಾಸ್ತ್ರ ಹೇಳುತ್ತದೆ. ಹಿಂದೆ ಬಹುತೇಕ ಮನೆಗಳಲ್ಲಿ ಆ ಅಕ್ಷರದ ಹೆಸರು ಜಾತಕದಲ್ಲಿ ಇರುತ್ತಿತ್ತು ಅಥವಾ ಜಾತಕವೇ ಇರುತ್ತಿರಲಿಲ್ಲ. ಕರೆಯುವ ಹೆಸರು ಮನೆದೇವರದೋ ತೀರಿಕೊಂಡ ಅಜ್ಜಿಯದೋ ಆಗಿರುತ್ತಿತ್ತು. ಈಗ ಕರೆಯುವ ಹೆಸರೂ ದಾಖಲೆಯ ಹೆಸರೂ ಅದೇ ಅಕ್ಷರದಿಂದ ಶುರುವಾಗಬೇಕೆಂಬ ಹಟ ಹಳ್ಳಿಗಳವರೆಗೂ ತಲುಪಿದೆ. ‘ನ’ ಅಕ್ಷರ ಬರುವುದು ಅನೂರಾಧಾ ನಕ್ಷತ್ರದ ಮೊದಲ ಪಾದಕ್ಕೆ. ಅಂದರೆ ನಂಜುಂಡನಿಗೆ ಹರಕೆ ಹೊತ್ತು ಪಡೆದ ಮಗು ಬೇರೆ ಯಾವುದೇ ಪಾದದಲ್ಲಿ ಹುಟ್ಟಿದರೂ, ಈ ಲೆಕ್ಕದ ಪ್ರಕಾರ ನಂಜಮ್ಮ ಆಗುವಂತಿಲ್ಲ. 108ರಲ್ಲಿ ಒಂದು ಬಾಗಿಲು ಮಾತ್ರ ತೆರೆದಿದೆ. ಮಾದಮ್ಮ, ಚೆಲುವಮ್ಮ, ರಂಗಮ್ಮ ಎಲ್ಲಕ್ಕೂ ಇದೇ ಗತಿ. ಜ್ಯೋತಿಷ್ಯದವರು ಹೇಳಿದ ಅಕ್ಷರವನ್ನು ಫೋನಿನಲ್ಲಿ ಹಾಕಿ ಹುಡುಕಿದರೆ ಬರುವ ಪಟ್ಟಿಗಳು ಇಡೀ ದೇಶಕ್ಕೆ ಒಂದೇ. ಆ ಪಟ್ಟಿಯಲ್ಲಿ ಕಪಿಲಾ ತೀರದ ದೇವರು ಇರುವುದಿಲ್ಲ. ಸಂಪ್ರದಾಯಕ್ಕೆ ಮರಳುತ್ತಿದ್ದೇವೆ ಎಂದುಕೊಂಡವರ ಕೈಯಿಂದಲೇ ಈ ಸೀಮೆಯ ಹೆಸರಿಡುವ ಸಂಪ್ರದಾಯ ಕಡಿದುಹೋಗುತ್ತಿರುವುದು ನೋವಿನ ಸಂಗತಿ.

ಇದರ ಜೊತೆಗೆ ಕಾಗದದ ಅವಸರವೂ ಸೇರಿತು. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿಯಾಗಬೇಕು. ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಿಂದ, ಆ ವರ್ಷದ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆಯಾಗಿದೆ. ಹೆಸರಿಲ್ಲದೆ ಜನನವನ್ನು ನೋಂದಾಯಿಸಿ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷಗಳವರೆಗೆ ಹೆಸರು ಸೇರಿಸಲು ಅವಕಾಶವಿದೆ ಎಂಬುದು ಎಷ್ಟೋ ತಾಯ್ತಂದೆಯರಿಗೆ ತಿಳಿದಿಲ್ಲ. ತಿಳಿದಿದ್ದರೆ, ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು, ಹಿರಿಯರೊಡನೆ ಮಾತನಾಡಿ, ನಿಧಾನವಾಗಿ ಹೆಸರಿಡಲು ಕಾನೂನು ಅಡ್ಡಿಯಿಲ್ಲ.

ಅಜ್ಜಿಯರ ಮಟ್ಟಿಗೆ ಕಾಗದ ಇನ್ನೊಂದು ಬಗೆಯ ತೊಂದರೆ ಕೊಡುತ್ತಿದೆ. ಪಹಣಿಯಲ್ಲಿ ‘ನಂಜಮ್ಮ ಕೋಂ ಚಿಕ್ಕಣ್ಣ’ (ಚಿಕ್ಕಣ್ಣನ ಹೆಂಡತಿ ನಂಜಮ್ಮ) ಎಂದಿದ್ದವಳು ಪಡಿತರ ಚೀಟಿಯಲ್ಲಿ ನಂಜಮಣಿ, ಆಧಾರ್ ಕಾರ್ಡಿನಲ್ಲಿ ಚಿಕ್ಕನಂಜಮ್ಮ. ಇಂಗ್ಲಿಷಿನಲ್ಲಿ ಬರೆದವರು ಒಂದು ಕಡೆ ಎರಡು ಎಂ, ಇನ್ನೊಂದು ಕಡೆ ಒಂದೇ ಎಂ ಹಾಕಿರುತ್ತಾರೆ. ಮನೆಯಲ್ಲಿ ಅವಳು ಯಾರಿಗೂ ಬೇರೆ ಬೇರೆಯವಳಲ್ಲ, ಕಂಪ್ಯೂಟರಿಗೆ ಮೂವರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರಬೇಕಾದರೆ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ಹೊಂದಬೇಕು. ಗಂಡ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸಬೇಕಾದರೆ ವಂಶವೃಕ್ಷದಲ್ಲಿ ಹೆಸರು ಸರಿಯಾಗಿರಬೇಕು. ಹಿಂದಿನ ಕಂದಾಯ ದಾಖಲೆಗಳಲ್ಲಿ ‘ನಂಜಮ್ಮ ಉರುಫ್ ನಂಜಮಣಿ’ ಎಂದು ಶಾನುಭೋಗರು ಬರೆದು ಎರಡನ್ನೂ ಒಪ್ಪಿಕೊಳ್ಳುತ್ತಿದ್ದರು. ಊರಿನ ಒಬ್ಬ ಹೆಂಗಸಿಗೆ ಎರಡು ಮೂರು ಹೆಸರಿರುವುದು ಸಹಜವೆಂದು ಆ ದಾಖಲೆಗೆ ಗೊತ್ತಿತ್ತು. ಇಂದಿನ ಅರ್ಜಿಯಲ್ಲಿ ಉರುಫ್‌ಗೆ ಅಂಕಣವಿಲ್ಲ.

ಸೊಸೆಯಂದಿರು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿ ಈ ಗೊಂದಲವನ್ನು ಹೆಚ್ಚಿಸಿತ್ತು ಎಂಬುದನ್ನೂ ಹೇಳಬೇಕು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟರೆ ತಾಯಿ ತನ್ನ ಮಗಳನ್ನೇ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಹಾಗಾಗಿ ಮನೆಯಲ್ಲಿ ಪುಟ್ಟತಾಯಿ, ಸಣ್ಣಮ್ಮ ಎಂಬ ಇನ್ನೊಂದು ಹೆಸರು ಬರುತ್ತಿತ್ತು, ಎಷ್ಟೋ ಸಲ ಅದೇ ಶಾಲೆಗೂ ಹೋಗುತ್ತಿತ್ತು. ಗೌರವಕ್ಕೆಂದು ಹೇಳದೆ ಬಿಟ್ಟ ಹೆಸರು ದಾಖಲೆಯಲ್ಲಿಯೂ ಬಿಟ್ಟುಹೋಯಿತು.

ಹಾಗಾದರೆ ಈ ಹೆಸರು ಮರಳಿ ಬರುತ್ತದೆಯೇ? ನಂಜಮ್ಮ ಎಂಬ ಪೂರ್ಣ ರೂಪದಲ್ಲಿ ನಗರದ ಮಗುವಿಗೆ ಇಡುವವರು ಸದ್ಯಕ್ಕೆ ಹೆಚ್ಚು ಇರಲಾರರು. ಆದರೆ ಹೆಸರುಗಳು ಸಾಮಾನ್ಯವಾಗಿ ತಾಯಿಯ ತಲೆಮಾರಿನಲ್ಲಿ ಹಳತೆನಿಸಿ, ಮುತ್ತಜ್ಜಿಯ ದೂರ ಸಿಕ್ಕಿದಾಗ ಮತ್ತೆ ಹೊಸತಾಗಿ ಕಾಣುತ್ತವೆ. ಗೌರಿ, ಜಾನಕಿ, ಮೀರಾ ಎಂಬ ಹೆಸರುಗಳು ಹೀಗೆ ಹಿಂದಿರುಗಿವೆ. ಅವು ಇಡೀ ದೇಶದ ಹೆಸರುಗಳಾದ್ದರಿಂದ ಹಿಂದಿರುಗುವುದು ಸುಲಭವಾಯಿತು. ಒಂದು ನದಿಯ, ಒಂದು ಊರಿನ, ಒಂದು ಭಾಷೆಯ ಹೆಸರಿಗೆ ಆ ಅನುಕೂಲವಿಲ್ಲ. ಅದನ್ನು ಉಳಿಸಬೇಕಾದವರು ಇಲ್ಲಿಯವರೇ. ಮೈಸೂರಿನ ಕೆಲವು ಮನೆಗಳಲ್ಲಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮನೆದೇವರ ಹೆಸರನ್ನು ಹೇಳಿ, ಪ್ರಮಾಣಪತ್ರಕ್ಕೆ ಬೇರೆ ಹೆಸರು ಕೊಡುತ್ತಾರೆ. ಕಿವಿಯ ಹೆಸರು ಒಂದು ತಲೆಮಾರು ಉಳಿಯಬಹುದು, ಬರೆದಿಡದ ಹೆಸರು ಎರಡನೆಯ ತಲೆಮಾರಿಗೆ ಸಿಗುವುದಿಲ್ಲ. ಎರಡನ್ನೂ ಸೇರಿಸಿ ಬರೆಸಲು ಯಾವ ನಿಯಮವೂ ತಡೆಯುವುದಿಲ್ಲ: ಮಗಳು ಅನನ್ಯ ನಂಜಮ್ಮ ಆಗಬಹುದು, ಕೊಡಗಿನವರು ಮನೆತನದ ಹೆಸರನ್ನು ಜೊತೆಗೆ ಇಟ್ಟುಕೊಂಡಿರುವ ಹಾಗೆ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಬದುಕಿರುವ ನಂಜಮ್ಮಂದಿರ ಹೆಸರು ಅವರ ಪಹಣಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳಲ್ಲಿ ಅವರು ಹೇಳುವ ಹಾಗೆಯೇ, ಕನ್ನಡದಲ್ಲಿ ಒಂದೇ ರೀತಿ ಇದೆಯೇ ಎಂದು ಮನೆಯ ಓದಿದ ಮೊಮ್ಮಕ್ಕಳು ಕೂತು ನೋಡಬೇಕು. ತಿದ್ದಿಸುವಾಗ ನಂಜಿ ಎಂದು ಬರೆದಿರುವ ಕಡೆ ನಂಜಮ್ಮ ಎಂದು ಬರೆಸಬೇಕೇ ಎಂಬುದನ್ನು ಆ ಅಜ್ಜಿಯನ್ನೇ ಕೇಳಬೇಕು. ಹೆಸರನ್ನು ಏಕೆ ಇಟ್ಟರು, ಯಾರು ಹರಕೆ ಹೊತ್ತಿದ್ದರು ಎಂದು ಕೇಳಿದರೆ ಹೇಳಬಲ್ಲವರು ಇನ್ನೂ ಇದ್ದಾರೆ, ಅದನ್ನು ವಂಶವೃಕ್ಷದ ಹಾಳೆಯ ಹಿಂಬದಿಯಲ್ಲಾದರೂ ಬರೆದಿಟ್ಟುಕೊಳ್ಳಬಹುದು.